ನಡೆದು ಹೋಗಿ ಹಾರಿ ಬಂದದ್ದು ಯಾಕೆ ಅಂತ ಕೇಳುವವರಿಗೆ

ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗಿ ಬಂದೆ ಅಂದರೆ ಹುಬ್ಬಳ್ಳಿಯಲ್ಲಿ ಯಾರೂ ಬೇಸ್ ಕ್ಯಾಂಪ್ ಬಗ್ಗೆ ಕೇಳುವುದಿಲ್ಲ. ಬರುವಾಗ ಹತ್ತಿದ ಹೆಲಿಕಾಪ್ಟರ್ ಬಗ್ಗೆ ಕೇಳುತ್ತಾರೆ. ವಿದ್ಯಾನಗರದ ಚಹಾದಂಗಡಿಯ ದೋಸ್ತರಿಗೂ ಅದೇ, ಆಫೀಸಿನವರಿಗೂ ಅದೇ. ನಮ್ಮ ಕಾಕಾ ಅಂತೂ ನೇರವಾಗಿ ಕೇಳಿಬಿಟ್ಟರು: "ಅಲ್ಲೋ, ಹೋಗುಮುಂದ ನಡಕೊಂತ ಹೋದವರಿಗೆ ಬರುಮುಂದ ಏನಾಗಿತ್ತು? ರೊಕ್ಕ ಹೆಚ್ಚಾಗಿತ್ತೇನು?"

ರೊಕ್ಕ ಹೆಚ್ಚಾಗಿರಲಿಲ್ಲ ಕಾಕಾ. ಹೇಳ್ತೀನಿ ಕೇಳಿ.

ನಡಿಗೆ ಶುರುವಾಗುವ ನೇಪಾಳದ ಲುಕ್ಲಾದಿಂದ ಎವರೆಸ್ಟ್ ಬುಡದ ಬೇಸ್ ಕ್ಯಾಂಪಿಗೆ ದಾರಿ ಅರವತ್ತು ಕಿಲೋಮೀಟರ್ ಚಿಲ್ಲರೆ. ಅಂದರೆ ಹುಬ್ಬಳ್ಳಿಯಿಂದ ಗದಗ ದಾಟಿ ಸ್ವಲ್ಪ ಮುಂದೆ, ಅಷ್ಟೇ. ಇಷ್ಟಕ್ಕೆ ಎಂಟು ದಿನ ಅಂತ ಸಾಮಾನ್ಯ ಲೆಕ್ಕ. ಮೊದಲು ನನಗೂ ನಗು ಬಂದಿತ್ತು. ಆದರೆ ಅಲ್ಲಿ ಕಾಲು ಎಷ್ಟು ನಡೆಯುತ್ತದೆ ಅನ್ನುವುದು ಮುಖ್ಯ ಅಲ್ಲ, ರಕ್ತ ಆ ಗಾಳಿಗೆ ಎಷ್ಟು ಬೇಗ ಒಗ್ಗುತ್ತದೆ ಅನ್ನುವುದು ಮುಖ್ಯ. ನಮ್ಮ ಹುಬ್ಬಳ್ಳಿ ಸಮುದ್ರಮಟ್ಟದಿಂದ ಏಳುನೂರು ಮೀಟರೂ ಇಲ್ಲ. ಬೇಸ್ ಕ್ಯಾಂಪ್ 5,364 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟು. ಅದಕ್ಕೇ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅಂತಾರೆ. ನಾಮ್ಚೆ ಬಜಾರ್‌ನಲ್ಲಿ (3,440 ಮೀಟರ್) ಒಂದು ದಿನ, ದಿಂಗ್ಬೋಚೆಯಲ್ಲಿ (4,410) ಇನ್ನೊಂದು ದಿನ ಸುಮ್ನೆ ನಿಲ್ಲಬೇಕು. ಸುಮ್ನೆ ಅಂದರೆ ಹಾಸಿಗೆ ಮೇಲೆ ಬಿದ್ದುಕೊಳ್ಳುವುದಲ್ಲ, ಬೆಳಗ್ಗೆ ಪಕ್ಕದ ಗುಡ್ಡ ಹತ್ತಿ ಸಂಜೆ ಇಳಿದು ಕೆಳಗೇ ಮಲಗುವುದು.

ನಾವು ದಸರಾ ಮುಗಿಸಿ ಹೊರಟವರು. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ನೃಪತುಂಗ ಬೆಟ್ಟ, ರವಿವಾರ ಬಂದರೆ ಕಪ್ಪತಗುಡ್ಡ ಅಂತ ತಿರುಗಿದ್ದೆವು. ಬೆನ್ನಿಗೆ ನೀರಿನ ಬಾಟಲಿ ತುಂಬಿದ ಬ್ಯಾಗ್ ಹಾಕಿಕೊಂಡು ಮೆಟ್ಟಿಲು ಹತ್ತುವವನನ್ನು ನೋಡಿ ವಾಕಿಂಗಿಗೆ ಬಂದ ಅಜ್ಜಂದಿರು ಏನೇನೋ ಕೇಳುತ್ತಿದ್ದರು. ಇದರಿಂದ ಕಾಲು ಗಟ್ಟಿಯಾದವು, ನಿಜ. ಎತ್ತರಕ್ಕೆ ಮಾತ್ರ ಇದು ಯಾವ ತಯಾರಿಯೂ ಅಲ್ಲ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದ ಹುಡುಗನಿಗೇ ಬೇಸ್ ಕ್ಯಾಂಪಿಗೆ ಹತ್ತಿರದ ಲೊಬುಚೆಯಲ್ಲಿ ತಲೆನೋವು ಹಿಡಿಯಿತು. ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಕಡಿಮೆ ಆಯಿತು, ಮುಂದೆ ನಡೆದ. ಆಗದಿದ್ದರೆ ಅಲ್ಲಿಂದಲೇ ಇಳಿಯಬೇಕಿತ್ತು. ನಡೆಯುವಾಗ ಜೋಲಿ ಹೊಡೆದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯೋ ಹಗಲೋ ನೋಡದೆ ಕೆಳಗೆ ಇಳಿಸಬೇಕು. ಡಯಾಮಾಕ್ಸ್ ಮಾತ್ರೆ ಎತ್ತರಕ್ಕೆ ಒಗ್ಗಿಕೊಳ್ಳಲು ಸಹಾಯ ಮಾಡುತ್ತದೆ ಅಷ್ಟೇ. ಅದನ್ನೂ ವೈದ್ಯರನ್ನು ಕೇಳಿಯೇ ತಗೊಳ್ಳಿ.

ಊಟದ ಮಾತು ಬಂದಾಗ ಹೇಳಲೇಬೇಕು. ಅವ್ವ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ನಾಮ್ಚೆಯವರೆಗೂ ಭಾರ ಅನಿಸಿದ್ದವು. ಆಮೇಲೆ ಅವೇ ದೇವರು. ದಾಲ್ ಭಾತ್‌ಗೆ ಚಟ್ನಿಪುಡಿ ಕಲಸಿಕೊಂಡು ತಿನ್ನುತ್ತಿದ್ದರೆ ಪಕ್ಕದ ಟೇಬಲ್ಲಿನ ವಿದೇಶಿಯರೂ ಕೈ ಚಾಚುತ್ತಿದ್ದರು. ಮೇಲಿನ ಲಾಡ್ಜ್‌ಗಳಲ್ಲಿ ಊಟದ ಕೋಣೆಯ ನಡುವೆ ಒಂದು ಕಬ್ಬಿಣದ ಒಲೆ ಇರುತ್ತದೆ, ಅದರಲ್ಲಿ ಉರಿಯುವುದು ಯಾಕ್ ಸಗಣಿಯ ಕುಳ್ಳು. ಸಂಜೆಯಾದರೆ ಎಲ್ಲರೂ ಅದರ ಸುತ್ತಲೇ.

ಬೇಸ್ ಕ್ಯಾಂಪ್ ಬಗ್ಗೆ ಎರಡೇ ಮಾತು. ಅಲ್ಲಿಂದ ಎವರೆಸ್ಟ್ ತುದಿ ಕಾಣಿಸುವುದಿಲ್ಲ! ಅದನ್ನು ನೋಡಬೇಕಂದರೆ ಪಕ್ಕದ ಕಾಲಾ ಪತ್ಥರ್ ಹತ್ತಬೇಕು. ಮತ್ತೆ ಫೋಟೋಗಳಲ್ಲಿ ನೋಡುವ ಹಳದಿ ಟೆಂಟುಗಳ ಊರು ಇರುವುದು ಏಪ್ರಿಲ್, ಮೇ ತಿಂಗಳಲ್ಲಿ, ಶಿಖರ ಹತ್ತುವವರು ಬಂದಾಗ. ನಾವು ಹೋದಾಗ ಇದ್ದದ್ದು ಕಲ್ಲು, ಹಿಮ, ಫೋಟೋಗೆ ಸಾಲು ನಿಂತ ಜನ. ನನಗೆ ಅದಕ್ಕಿಂತ ದಾರಿಯ ತುಕ್ಲಾ ಏರಿನ ಮೇಲಿರುವ, ಪರ್ವತ ಹತ್ತಲು ಹೋಗಿ ತೀರಿಕೊಂಡವರ ಸ್ಮಾರಕಗಳೇ ಜಾಸ್ತಿ ಕಾಡಿದವು. ಬಾಬು ಚಿರಿ ಶೆರ್ಪಾ ಅವರದ್ದೂ ಅಲ್ಲಿದೆ. 1999ರಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ ಎವರೆಸ್ಟ್ ತುದಿಯಲ್ಲಿ 21 ಗಂಟೆ ಇದ್ದವರು. 2001ರಲ್ಲಿ ಅದೇ ಪರ್ವತದಲ್ಲಿ ಹಿಮಬಿರುಕಿಗೆ ಬಿದ್ದು ತೀರಿಕೊಂಡರು.

ಈಗ ಹೆಲಿಕಾಪ್ಟರ್. ಹತ್ತುವುದಕ್ಕೆ ಅವಸರ ನಡೆಯುವುದಿಲ್ಲ, ಇಳಿಯುವುದಕ್ಕೆ ನಡೆಯುತ್ತದೆ. ದೇಹಕ್ಕೆ ಕೆಳಗಿನ ಗಾಳಿ ಎಷ್ಟು ಬೇಗ ಸಿಕ್ಕರೂ ತೊಂದರೆ ಇಲ್ಲ. ನಮ್ಮಲ್ಲಿ ಒಬ್ಬರ ಮೊಣಕಾಲು ಮೊದಲೇ ಸರಿ ಇರಲಿಲ್ಲ, ಇಳಿಜಾರೇ ಮೊಣಕಾಲಿನ ವೈರಿ, ಎಲ್ಲರ ರಜೆಯೂ ಮುಗಿಯುತ್ತಿತ್ತು. ಹಾಗಾಗಿ ಹೊರಡುವ ಮೊದಲೇ ಮಾತಾಡಿ, ಬಾಡಿಗೆ ಹಂಚಿಕೊಂಡು ಗೊತ್ತು ಮಾಡಿದ್ದೆವು. ಇಷ್ಟೇ ಕಥೆ.

ಬಸ್ಸಿನ ಹಾಗೆ ಐದು ಸೀಟು, ಐದು ಮಂದಿ ಅಂತ ಹತ್ತಿಸುವುದಿಲ್ಲ. ನಾವು ಹೆಲಿಕಾಪ್ಟರ್ ಹತ್ತಿದ್ದು ಬೇಸ್ ಕ್ಯಾಂಪಿನ ಹತ್ತಿರದ ಗೋರಕ್ ಶೆಪ್‌ನಲ್ಲಿ, ಅದು 5,164 ಮೀಟರ್. ಗಾಳಿ ತೆಳು ಇದ್ದಾಗ ಮೇಲಿನ ರೆಕ್ಕೆಗಳಿಗೆ ಹಿಡಿತ ಕಡಿಮೆ, ಎಂಜಿನ್ನಿನ ಶಕ್ತಿಯೂ ಕಡಿಮೆ. ಅದಕ್ಕೇ ಇಬ್ಬರು ಮೂವರನ್ನು ಮೊದಲು ಕೆಳಗಿನ ಫೆರಿಚೆಯಲ್ಲಿ ಇಳಿಸಿ, ತಿರುಗಿ ಬಂದು ಉಳಿದವರನ್ನು ಒಯ್ದು, ಅಲ್ಲಿಂದ ಎಲ್ಲರನ್ನೂ ಒಟ್ಟಿಗೆ ಲುಕ್ಲಾಕ್ಕೆ ತರುತ್ತಾರೆ. ನಮ್ಮ ತೂಕ ಕೇಳಿದರು, ಬ್ಯಾಗಿನದ್ದೂ ಕೇಳಿದರು. ಪೇಢೆ ತಿಂದು ಬೆಳೆಸಿದ ಹೊಟ್ಟೆಯನ್ನು ಅಲ್ಲಿ ಮುಚ್ಚಿಡಲು ಆಗಲ್ಲ. ಈ ಹೆಲಿಕಾಪ್ಟರ್ ಜಾತಿ ಕಡಿಮೆಯದ್ದಲ್ಲ ಮತ್ತೆ: 2005ರ ಮೇ 14ರಂದು ಫ್ರಾನ್ಸಿನ ಪೈಲಟ್ ದಿದಿಯೆ ದೆಲ್ಸಾಲ್ ಇದೇ ಬಳಗದ ಎಎಸ್350 ಬಿ3 ಅನ್ನು ಎವರೆಸ್ಟ್ ತುದಿಗೇ ಇಳಿಸಿದ್ದರು. ಒಬ್ಬರೇ, ಸಾಮಾನು ಕಡಿಮೆ ಮಾಡಿಕೊಂಡು.

ಮಧ್ಯಾಹ್ನ ಮೋಡ, ಗಾಳಿ ಏಳುತ್ತವೆ, ಹಾಗಾಗಿ ಹಾರುವುದು ಬೆಳಗ್ಗೆಯೇ. ರೆಕ್ಕೆ ತಿರುಗುತ್ತಲೇ ಇರುತ್ತದೆ, ತಲೆ ಬಗ್ಗಿಸಿ ಮುಂದಿನಿಂದ ಹೋಗಬೇಕು, ಬಾಲದ ಕಡೆ ಹೆಜ್ಜೆ ಇಡುವ ಹಾಗಿಲ್ಲ. ಮೇಲೆದ್ದ ಮೇಲೆ ಮಜಾ ಇತ್ತು, ಸುಳ್ಳು ಹೇಳಲ್ಲ. ನಾವು ಕೈಕಾಲು ಬಿದ್ದುಹೋಗುವಂತೆ ಹತ್ತಿದ ತೆಂಗ್ಬೋಚೆಯ ಏರು, ಮಠ, ನಾಮ್ಚೆ ಕೆಳಗಿನ ತೂಗುಸೇತುವೆ, ಎಲ್ಲ ಬಂದ ಹಾಗೇ ಹೋದವು. ನಡೆದರೆ ಮೂರು ದಿನದ ಇಳಿದಾರಿ ಅದು. ಕಿಟಕಿಯಿಂದ ಫೋಟೋ ತೆಗೆಯುವಷ್ಟರಲ್ಲಿ ಲುಕ್ಲಾ. ಹತ್ತುವಾಗ ಒಂದು ಚಹಾದಂಗಡಿಯ ಅಕ್ಕನಿಗೆ ಬರುವಾಗ ಇಲ್ಲೇ ಊಟ ಮಾಡ್ತೀವಿ ಅಂದಿದ್ದೆವು, ಅದು ಮಾತ್ರ ತಪ್ಪಿತು.

ಕಾಕಾ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಬೇರೆ ಇದೆ. ನಾವು ಹಾರಿದೆವು, ನಮ್ಮ ಸಾಮಾನು ಹೊತ್ತವರು? ಅವರು ನಡೆದೇ ಇಳಿದರು. ಹೊತ್ತದ್ದಕ್ಕೆ ದಿನದ ಲೆಕ್ಕದಲ್ಲಿ ಕೂಲಿ ಸಿಗುವವರಿಗೆ ನಮ್ಮ ಹೆಲಿಕಾಪ್ಟರ್ ಅಂದರೆ ಮೂರು ದಿನದ ಸಂಬಳ ಖೋತಾ. ನಾವು ದಾಯಿ (ನೇಪಾಳಿಯಲ್ಲಿ ಅಣ್ಣ) ಅಂತ ಕರೆಯುತ್ತಿದ್ದ ನಮ್ಮ ಪೋರ್ಟರ್ ಬಾಯಿಬಿಟ್ಟು ಕೇಳುವವನಲ್ಲ. ಇಳಿಯುವ ದಿನಗಳ ಕೂಲಿಯನ್ನೂ ಸೇರಿಸಿ ಗೋರಕ್ ಶೆಪ್‌ನಲ್ಲೇ ಕೈಗೆ ಕೊಟ್ಟೆವು. ನೀವು ಹೋದರೆ ಏಜೆನ್ಸಿಯ ಜೊತೆ ಇದನ್ನು ಮೊದಲೇ ಬಗೆಹರಿಸಿಕೊಳ್ಳಿ.

ಇನ್ನೊಂದು ವಿಷಯ. ಸ್ವಲ್ಪ ತಲೆನೋವು ಅಂದರೆ ಸಾಕು, "ಇನ್ಶೂರೆನ್ಸ್ ಇದೆಯಲ್ಲ, ಹೆಲಿಕಾಪ್ಟರ್ ಕರೆಸೋಣ" ಅನ್ನುವವರು ಸಿಗುತ್ತಾರೆ. ಇಂಥ ಸುಳ್ಳು ರಕ್ಷಣೆಗಳ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತ್ತು. ಪಾಲಿಸಿ ಮಾಡಿಸಿ, ಅದು 6,000 ಮೀಟರ್‌ವರೆಗೆ ಅನ್ವಯಿಸುತ್ತದಾ ನೋಡಿ, ಆದರೆ ಅದು ನಿಜವಾಗಿ ಕಾಯಿಲೆ ಬಿದ್ದವರಿಗೆ. ಸುಸ್ತಾಯಿತು, ಹಾರಬೇಕು ಅನಿಸಿದರೆ ಜೇಬಿನಿಂದ ಕೊಟ್ಟು ಹಾರಿ, ಯಾರೂ ಬೇಡ ಅನ್ನಲ್ಲ.

ಧಾರವಾಡದ ಗೆಳೆಯನೊಬ್ಬ ಈಗ ಉಲ್ಟಾ ಪ್ಲಾನ್ ಹಾಕಿದ್ದಾನೆ. ಹೆಲಿಕಾಪ್ಟರ್‌ನಲ್ಲಿ ಮೇಲೆ ಹೋಗಿ ನಡೆದು ಇಳಿಯುವುದಂತೆ, "ಇಳಿಯೋದು ಸರಳ ಅಲ್ಲೇನೋ?" ಅಂತಾನೆ. ಮೇಲಿನದ್ದನ್ನೆಲ್ಲ ಮೊದಲು ಓದು ಅಂತ ಅವನಿಗೆ ಇದನ್ನು ಕಳಿಸುತ್ತಿದ್ದೇನೆ.