ಜನವರಿ ಒಂದರ ಲ್ಯಾಂಪು

ಪುಣೆ ಹತ್ತಿರದ ಚಾಕಣದ ನಮ್ಮ ಪ್ಲಾಂಟಿಗೆ ಪೊಲೀಸರು ಬಂದದ್ದು ನಾನು ಕಂಡಂತೆ ಎರಡೇ ಸಲ. ಮೊದಲನೆಯದು ಕ್ಯಾಂಟೀನ್ ಜಗಳ, ಅದು ಇಲ್ಲಿ ಬೇಡ. ಎರಡನೇ ಸಲ ಬಂದವರು ಒಬ್ಬ ಪಿಎಸ್‌ಐ ಮತ್ತು ಒಬ್ಬ ಹವಾಲ್ದಾರರು. ಹವಾಲ್ದಾರರ ಕೈಯಲ್ಲಿ ಮೊಹರು ಹಾಕಿದ ಪ್ಲಾಸ್ಟಿಕ್ ಚೀಲ. ಅದರೊಳಗೆ ಅಂಗೈ ಅಗಲದ ಒಂದು ಕಪ್ಪು ತುಂಡು.

"ಸಾಹೇಬ್, ಹೆ ತುಮ್ಚಂಚ್ ಆಹೆ ನಾ?"

ನಮ್ಮದೇ. ನೋಡಿದ ಕೂಡಲೇ ಗೊತ್ತಾಯಿತು. ಕಾರಿನ ಎಡಗಡೆ ಹೆಡ್‌ಲ್ಯಾಂಪಿನ ಹೌಸಿಂಗ್, ಅಂದರೆ ಹಿಂಬದಿಯ ಕವಚ. ಚಾಕಣ್–ತಳೇಗಾಂವ್ ರಸ್ತೆಯಲ್ಲಿ ರಾತ್ರಿ ಒಂದು ಕಾರು ಬೈಕಿಗೆ ಗುದ್ದಿ ನಿಲ್ಲಿಸದೆ ಹೋಗಿತ್ತು. ಬೈಕಿನವರು ಉಳಿಯಲಿಲ್ಲ. ಸಿಸಿಟಿವಿಯಲ್ಲಿ ಬೆಳಕು ಬಿಟ್ಟರೆ ಬೇರೇನೂ ಕಾಣಿಸಿರಲಿಲ್ಲ. ರಸ್ತೆ ಮೇಲೆ ಸಿಕ್ಕಿದ್ದು ಈ ತುಂಡು, ಅಷ್ಟೇ.

ನಾನು ಜಮಖಂಡಿ ಕಡೆಯವನು. ಪುಣೆಗೆ ಬಂದು ಹದಿನಾಲ್ಕು ವರ್ಷ ಆಯಿತು. ಲ್ಯಾಂಪು ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದ ಕೆಲಸ. ಊರಲ್ಲಿ ಎಲ್ಲರೂ ಇವನು ಗಾಜು ಒರೆಸಿ ನೋಡುತ್ತಾನೆ ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ದಿನದ ಅರ್ಧ ಹೊತ್ತು ನಾನು ನೋಡುವುದು ನಂಬರುಗಳನ್ನು. ಆ ತುಂಡಿನ ಕಥೆ ಹೇಳುವ ಮೊದಲು ಅದಕ್ಕೂ ಹಿಂದಿನ ಮಳೆಗಾಲದ ಒಂದು ತಲೆನೋವು ಹೇಳಬೇಕು. ಅದಿಲ್ಲದಿದ್ದರೆ ಪೊಲೀಸರಿಗೆ ನಾವು ಕೊಡಬಹುದಾಗಿದ್ದ ಉತ್ತರ ಸೊನ್ನೆ.

ಆ ಮಳೆಗಾಲದಲ್ಲಿ ಲ್ಯಾಂಪುಗಳು ವಾಪಸ್ ಬರತೊಡಗಿದವು. ಲೆನ್ಸಿನ ಒಳಗೆ ಮಂಜು, ಕೆಲವದರಲ್ಲಿ ನೀರಿನ ಹನಿ. ಲ್ಯಾಂಪಿನ ಲೆನ್ಸನ್ನು ಹೌಸಿಂಗಿಗೆ ಅಂಟು ಹಾಕಿ ಕೂರಿಸುತ್ತಾರೆ. ಆಮೇಲೆ ಲೀಕ್ ಟೆಸ್ಟ್. ಗಾಳಿ ರಂಧ್ರಗಳನ್ನು ಮುಚ್ಚಿ ಒಳಗೆ ಸ್ವಲ್ಪ ಒತ್ತಡದ ಗಾಳಿ ತುಂಬುತ್ತಾರೆ. ಕೆಲವು ಸೆಕೆಂಡಿನಲ್ಲಿ ಒತ್ತಡ ಎಷ್ಟು ಇಳಿಯಿತು ಅಂತ ಯಂತ್ರ ಅಳೆಯುತ್ತದೆ. ಜಾಸ್ತಿ ಇಳಿದರೆ ಎನ್‌ಜಿ, ಅಂದರೆ 'ನಾಟ್ ಗುಡ್'. ಇಲ್ಲವಾದರೆ ಓಕೆ. ವಾಪಸ್ ಬಂದ ಲ್ಯಾಂಪುಗಳ ಸೀರಿಯಲ್ ನಂಬರು ಒಂದೊಂದಾಗಿ ಡೇಟಾಬೇಸಿಗೆ ಹಾಕಿದೆ. ಓಕೆ. ಓಕೆ. ಓಕೆ. ಎಲ್ಲವೂ ಓಕೆ! ಗ್ರಾಹಕರ ಕಡೆಯವರಿಗೆ ನಾನು ಧೈರ್ಯವಾಗಿ ಮೇಲ್ ಕೂಡ ಹಾಕಿದೆ, ನಮ್ಮಲ್ಲಿ ಎಲ್ಲ ಪಾಸ್ ಆಗಿವೆ ಅಂತ. ಇವತ್ತು ಆ ಮೇಲ್ ನೆನೆದರೆ ನಾಚಿಕೆ ಆಗುತ್ತದೆ.

ಗುಟ್ಟು ಸಿಕ್ಕಿದ್ದು ಯಂತ್ರದ ಮೂಲೆಯಲ್ಲಿದ್ದ ಸಣ್ಣ ಕೌಂಟರಿನಲ್ಲಿ. ಒಂದು ಶಿಫ್ಟಿನಲ್ಲಿ ಯಂತ್ರ 612 ಸಲ ಟೆಸ್ಟ್ ಮಾಡಿದೆ ಅಂತ ಕೌಂಟರ್ ಹೇಳುತ್ತಿತ್ತು. ಡೇಟಾಬೇಸಿನಲ್ಲಿ ಇದ್ದ ಸಾಲುಗಳು 540. ಉಳಿದ 72 ಎಲ್ಲಿ ಹೋದವು? ನಮ್ಮ ಸಾಫ್ಟ್‌ವೇರು ಒಂದು ಸೀರಿಯಲ್‌ಗೆ ಒಂದೇ ಸಾಲು ಇಡುತ್ತಿತ್ತು. ಅದೇ ಲ್ಯಾಂಪನ್ನು ಮತ್ತೆ ಟೆಸ್ಟಿಗೆ ಇಟ್ಟರೆ ಹಳೆಯ ಫಲಿತಾಂಶದ ಮೇಲೆ ಹೊಸದನ್ನು ಬರೆಯುತ್ತಿತ್ತು. ಮೊದಲ ಸಲ ಎನ್‌ಜಿ, ಎರಡನೇ ಸಲ ಎನ್‌ಜಿ, ಮೂರನೇ ಸಲ ಆಪರೇಟರ್ ಲ್ಯಾಂಪನ್ನು ಕೈಯಲ್ಲಿ ಒತ್ತಿ ಹಿಡಿದಾಗ ಓಕೆ. ದಾಖಲೆಯಲ್ಲಿ ಉಳಿಯುತ್ತಿದ್ದುದು ಮೂರನೆಯದು ಮಾತ್ರ. ಆಪರೇಟರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಗಂಟೆಗೆ ಇಷ್ಟು ಲ್ಯಾಂಪು ಅಂತ ಬೋರ್ಡಿನಲ್ಲಿ ಬರೆದವರು ನಾವೇ ಅಲ್ವಾ?

ಯಂತ್ರದ ಮೆಮೊರಿಯಲ್ಲಿ ಹಸಿ ಅಂಕಿಗಳು ಉಳಿದಿದ್ದವು, ಪುಣ್ಯ. ತೆಗೆದು ನೋಡಿದರೆ ಪದೇಪದೇ ಟೆಸ್ಟ್ ಆದವುಗಳಲ್ಲಿ ಹೆಚ್ಚಿನವು ಅಂಟು ಹಾಕುವ ರೋಬೋಟಿನ ಎರಡನೇ ನಾಝಲ್‌ನಿಂದ ಬಂದವು. ನಾಝಲ್ ಅರ್ಧ ಕಟ್ಟಿಕೊಂಡಿತ್ತು. ಅದನ್ನು ಬದಲಾಯಿಸಲು ಹತ್ತು ನಿಮಿಷ ಸಾಕಾಯಿತು. ಸಾಫ್ಟ್‌ವೇರು ಬದಲಾಯಿಸಲು ದೀಪಾವಳಿವರೆಗೆ ಕಾದೆವು. ಯಾವ ಸಾಲನ್ನೂ ಅಳಿಸಬಾರದು, ಪ್ರತಿ ಟೆಸ್ಟಿಗೂ ಹೊಸ ಸಾಲು, ಜೊತೆಗೆ ಲೀಕ್ ಟೆಸ್ಟ್ ಯಂತ್ರದ ಸ್ವಂತ ಸಮಯವೂ ಬರಬೇಕು ಅಂತ ನಾನು ಹಟ ಹಿಡಿದೆ. ಡಿಸ್ಕ್ ತುಂಬಿಹೋಗುತ್ತದೆ ಅಂತ ಐಟಿಯವರು ಗೊಣಗಿದರು. ಇನ್ನೂ ತುಂಬಿಲ್ಲ.

ಈಗ ಆ ಚೀಲಕ್ಕೆ ಬರೋಣ.

ಪಂಚನಾಮೆ ಆಗಿ ಮೊಹರು ಬಿದ್ದ ಚೀಲ, ಬಿಚ್ಚುವ ಹಾಗಿಲ್ಲ. ಹೊರಗಿನಿಂದಲೇ ಭೂತಗನ್ನಡಿ ಹಿಡಿದು ನೋಡಿದೆವು. ತುಂಡಿನ ಮೇಲೆ ಎರಡು ಗುರುತು ಇದ್ದವು. ಮೊದಲನೆಯದು ಅಚ್ಚಿನಲ್ಲೇ ಮೂಡುವ ತಿಂಗಳ ಚಕ್ರ. ಪಾವಲಿಗಿಂತ ಚಿಕ್ಕದು, ಸುತ್ತ 1ರಿಂದ 12, ನಡುವೆ ಒಂದು ಬಾಣ, ಬಾಣದ ಎರಡು ಬದಿಗೆ ವರ್ಷದ ಎರಡು ಅಂಕಿ. ತಿಂಗಳು ಬದಲಾದಾಗ ಟೂಲ್‌ರೂಮಿನವರು ಸ್ಕ್ರೂಡ್ರೈವರಿನಿಂದ ಬಾಣ ತಿರುಗಿಸುತ್ತಾರೆ. ಬಾಣ 7ರ ಕಡೆ ಇತ್ತು, ವರ್ಷ ಅದೇ ವರ್ಷ. ಎರಡನೆಯದು ಅರ್ಧ ಹರಿದ ಬಾರ್‌ಕೋಡ್ ಲೇಬಲ್. ಕೋಡ್ ಹಾಳಾಗಿತ್ತು. ಕೆಳಗೆ ಅಚ್ಚಾದ ಅಂಕಿಗಳಲ್ಲಿ ಕೊನೆಯ ಏಳು ಮಾತ್ರ ಉಳಿದಿದ್ದವು: 0010047. ನಮ್ಮ ನಂಬರಿನಲ್ಲಿ ಕೊನೆಯ ನಾಲ್ಕು ಅಂಕಿ ಆ ದಿನದ ಎಷ್ಟನೇ ಲ್ಯಾಂಪು ಅನ್ನೋದು, ಅದಕ್ಕೂ ಹಿಂದಿನ ಮೂರು ವರ್ಷದ ಎಷ್ಟನೇ ದಿನ ಅನ್ನೋದು. 001 ಅಂದರೆ ಜನವರಿ 1.

ಜುಲೈನಲ್ಲಿ ಅಚ್ಚಿನಿಂದ ಹೊರಬಿದ್ದ ಹೌಸಿಂಗಿಗೆ ಅದೇ ವರ್ಷದ ಜನವರಿಯಲ್ಲಿ ಲೆನ್ಸ್ ಅಂಟಿಸುವುದು ಹೇಗೆ? ನಮ್ಮ ಮ್ಯಾನೇಜರು ತಟ್ಟನೆ ಅಂದರು, "ಡೂಪ್ಲಿಕೇಟ್ ಮಾಲು, ನಮ್ಮದಲ್ಲ." ಹಾಗೇ ಬರೆದುಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ಚಕ್ರ ನಮ್ಮ ಅಚ್ಚಿನದೇ. ಬಾಣದ ತುದಿ ಸ್ವಲ್ಪ ಮುರಿದಿದ್ದು ನನಗೆ ಗೊತ್ತಿತ್ತು.

ನಡುವೆ ಒಂದು ಮಾತು. ಅರ್ಧ ಸಿಕ್ಕ ಗುರುತಿನಿಂದ ಹುಡುಕುವುದು ಹಳೆಯ ಸಮಸ್ಯೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಅಲ್ಲಿ ಅಜೀಜುಲ್ ಹಕ್ ಅನ್ನುವ ಸಬ್‌ಇನ್ಸ್‌ಪೆಕ್ಟರ್ ಹತ್ತು ಬೆರಳಿನ ಗೆರೆಗಳಿಂದ ಲೆಕ್ಕ ಕಟ್ಟಿ ಕಾರ್ಡುಗಳನ್ನು 1,024 ಗೂಡುಗಳಲ್ಲಿ ಜೋಡಿಸುವ ದಾರಿ ಮಾಡಿಕೊಟ್ಟರು. ಹೆಸರು ಮಾತ್ರ ಅವರ ಮೇಲಧಿಕಾರಿ ಹೆನ್ರಿಯದ್ದು ಉಳಿಯಿತು, ಅದು ಬೇರೆ ವಿಷಯ. ಹತ್ತೂ ಬೆರಳು ಇದ್ದರೆ ಗೂಡು ಸಲೀಸಾಗಿ ಸಿಗುತ್ತಿತ್ತು. ಕಳುವಾದ ಜಾಗದಲ್ಲಿ ಸಿಗುವುದು ಒಂದೇ ಬೆರಳು. ಆಗ 1,024 ಗೂಡುಗಳೂ ಕೈಕೊಡುತ್ತಿದ್ದವು. ನನ್ನ ಕೈಯಲ್ಲಿ ಇದ್ದದ್ದೂ ಒಂದೇ ಬೆರಳು.

ಕೊನೆಯ ಏಳು ಅಂಕಿ ಇಟ್ಟು ಹುಡುಕಿದೆ. ಮೂರು ಸಾಲು ಬಂದವು. ಒಂದೇ ಸೀರಿಯಲ್ ನಂಬರಿನ ಮೂರು ಲ್ಯಾಂಪು! ನಮ್ಮ ಲೈನಿನಲ್ಲಿ ಇಂಡಿ ಕಡೆಯ ಒಬ್ಬ ಕಾಕಾ ಇದ್ದಾರೆ. ಪ್ಲಾಂಟ್ ಶುರುವಾದಾಗಿನಿಂದ ಇದ್ದವರು. ಕರೆದು ತೋರಿಸಿದೆ.

"ತಮ್ಮಾ, ಇದು ಶುಕ್ರವಾರದ ಮಾಲ್ ಐತಿ ನೋಡು," ಅಂದರು.

ಪುಣೆ ಸುತ್ತಲಿನ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಇಲ್ಲಿ ವಾರದ ರಜೆ ಗುರುವಾರ. ವಿದ್ಯುತ್ತಿನವರು ರಿಪೇರಿಗೆ ಲೈನ್ ಬಂದ್ ಮಾಡುವುದೂ ಅವತ್ತೇ.

"ಗುರುವಾರ ಲೈಟ್ ತಗೀತಾರಲ್ಲ, ಮರುದಿನ ಆ ಕಂಪ್ಯೂಟರ್ ಎದ್ದಾಗ ಜನವರಿ ಒಂದು ಅಂತೈತಿ. ನಾ ನೋಡಿದ್ರ ಸರಿ ಮಾಡ್ತೀನಿ. ನೋಡ್ಲಿಲ್ಲಂದ್ರ ಹಂಗ ನಡೀತೈತಿ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಕಾಕಾ?"

"ಯಾರರ ಕೇಳಿದ್ರೇನು?"

ಲೇಬಲ್ ಪ್ರಿಂಟರಿನ ಕಂಪ್ಯೂಟರು ಬಿಚ್ಚಿದೆವು. ಒಳಗಿನ ಗುಂಡಿ ಬ್ಯಾಟರಿ, ಕೈಗಡಿಯಾರದಲ್ಲಿ ಇರುತ್ತದಲ್ಲ ಅಂಥದ್ದೇ, ಪೂರ್ತಿ ಸತ್ತಿತ್ತು. ಕರೆಂಟು ಹೋದಾಗ ತಾರೀಖು ನೆನಪಿಡುವುದು ಅದೇ. ಅದು ಸತ್ತರೆ ಕಂಪ್ಯೂಟರು ಹುಟ್ಟಿದ ದಿನಕ್ಕೆ ಓಡುತ್ತದೆ, ನಮ್ಮದು 2009ರ ಜನವರಿ 1ಕ್ಕೆ. ಆಗ ನಮ್ಮ ಪ್ಲಾಂಟಿನ ಜಾಗದಲ್ಲಿ ಈರುಳ್ಳಿ ಬೆಳೆಯುತ್ತಿದ್ದರು.

ಲೀಕ್ ಟೆಸ್ಟ್ ಯಂತ್ರದ ಗಡಿಯಾರಕ್ಕೆ ಬೇರೆ ಬ್ಯಾಟರಿ, ಅದು ಸರಿಯಾಗಿತ್ತು. ಮೂರು ಸಾಲುಗಳ ಪಕ್ಕದಲ್ಲಿ ಅದರ ಸಮಯ ಇತ್ತು. ಒಂದು ಮಾರ್ಚಿನ ಶುಕ್ರವಾರ, ಒಂದು ಮೇ ತಿಂಗಳದ್ದು, ಒಂದು ಆಗಸ್ಟಿನ ಮೊದಲ ಶುಕ್ರವಾರ, ಬೆಳಗ್ಗೆ ಎಂಟರ ಒಳಗೆ. ಜುಲೈ ಹೌಸಿಂಗಿಗೆ ಹೊಂದುವುದು ಆಗಸ್ಟು ಮಾತ್ರ. ಹಳೆಯ ಸಾಫ್ಟ್‌ವೇರು ಇದ್ದಿದ್ದರೆ ಈ ಮೂರು ಶುಕ್ರವಾರಗಳೂ ಒಂದರ ಮೇಲೊಂದು ಬಿದ್ದು ಕೊನೆಗೆ ಒಂದೇ ಸಾಲು ಉಳಿಯುತ್ತಿತ್ತು. ಅದು ಯಾವ ಶುಕ್ರವಾರದ್ದು ಅಂತ ಕೇಳಲು ಯಾರೂ ಇರುತ್ತಿರಲಿಲ್ಲ.

ಆ ಲ್ಯಾಂಪು ಶನಿವಾರದ ಲಾರಿಯಲ್ಲಿ ಕಾರು ಕಂಪನಿಗೆ ಹೋಗಿತ್ತು. ಯಾವ ಲ್ಯಾಂಪು ಯಾವ ಕಾರಿಗೆ ಅಂತ ಅವರು ಬರೆದಿಡುವುದಿಲ್ಲ. ಏರ್‌ಬ್ಯಾಗಿನಂಥ ಭಾಗಗಳಿಗೆ ಮಾತ್ರ ಆ ಲೆಕ್ಕ. ಹಾಗಾಗಿ ಆ ವಾರ ಆ ಮಾದರಿಯ ಎಷ್ಟು ಕಾರು ಹೊರಬಿದ್ದವೋ ಅಷ್ಟರ ಚಾಸಿ ನಂಬರ್ ಪಟ್ಟಿ ಪೊಲೀಸರಿಗೆ ಸಿಕ್ಕಿತು. ಹದಿನೇಳು ಅಕ್ಷರದ ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಈ ಮೂರು ಇಂಗ್ಲಿಷ್ ಅಕ್ಷರ ಎಂದೂ ಬರುವುದಿಲ್ಲ, ಗಮನಿಸಿದ್ದೀರಾ? ಒಂದು, ಸೊನ್ನೆ ಜೊತೆ ಕಲಸಿಹೋಗುತ್ತವೆ ಅಂತ. ಯಾರೋ ಎಲ್ಲೋ ಪೆಟ್ಟು ತಿಂದೇ ಈ ನಿಯಮ ಮಾಡಿರಬೇಕು. ಚಾಸಿ ನಂಬರನ್ನು ಸರಕಾರದ ಗಾಡಿ ನೋಂದಣಿಯ ವಾಹನ್ ಡೇಟಾಬೇಸಿಗೆ ಹಾಕಿದರೆ ಗಾಡಿ ನಂಬರು, ಮಾಲೀಕರ ವಿಳಾಸ. ಕೆಲವು ನೂರು ಗಾಡಿಗಳಲ್ಲಿ ಮೊದಲು ಪುಣೆ ಕಡೆಯ ಎಂಎಚ್ 12 ಮತ್ತು 14ರವನ್ನು ನೋಡುತ್ತಾ ಹೋದರು. ಒಂದರ ಎಡಗಣ್ಣು ಹೊಸದಾಗಿತ್ತು.

ಪಿಎಸ್‌ಐ ಸಾಹೇಬರು ಚಹಾ ಕುಡಿಯುತ್ತಾ ಮುಂಬೈ ಕಥೆ ತೆಗೆದರು. 1993ರ ಮಾರ್ಚ್ 12ರ ಸರಣಿ ಸ್ಫೋಟ. ವರಳಿಯಲ್ಲಿ ಬಿಟ್ಟುಹೋದ ಒಂದು ಮಾರುತಿ ವ್ಯಾನ್ ಸಿಕ್ಕಿತ್ತು, ನಂಬರು ಎಂಎಫ್‌ಸಿ 1972. ಅದರಲ್ಲಿ ರೈಫಲ್, ಗ್ರೆನೇಡ್. ಆರ್‌ಟಿಒ ದಾಖಲೆ ತೆಗೆಸಿದರೆ ಮಾಹೀಮಿನ ಮೆಮನ್ ಕುಟುಂಬದ ಮನೆ ಬಾಗಿಲಿಗೆ ಹೋಗಿ ಮುಟ್ಟಿತು. ಆ ಮೇಲೆ ನಾನು ಓದಿ ತಿಳಿದದ್ದು: ಅದಕ್ಕೆ ಎರಡೇ ವಾರ ಮುಂಚೆ, ಫೆಬ್ರವರಿ 26ರಂದು, ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಅಡಿಯಲ್ಲಿ ಬಾಂಬ್ ಸಿಡಿದಿತ್ತು. ಅಲ್ಲೂ ಚೂರಾದ ವ್ಯಾನಿನ ಒಂದು ತುಂಡಿನ ಮೇಲೆ ಉಳಿದ ನಂಬರಿನಿಂದ ಬಾಡಿಗೆ ಅಂಗಡಿ ಪತ್ತೆಯಾಯಿತು. ಬಾಡಿಗೆಗೆ ಪಡೆದವನು ಡೆಪಾಸಿಟ್ ವಾಪಸ್ ಕೇಳಲು ಅದೇ ಅಂಗಡಿಗೆ ಬಂದು ಸಿಕ್ಕಿಬಿದ್ದ. ಇಂಥ ಕಥೆಗಳಲ್ಲಿ ಎಲ್ಲರೂ ಪತ್ತೇದಾರರನ್ನು ಹೊಗಳುತ್ತಾರೆ. ನನಗೆ ನೆನಪಾಗುವವರು ಆ ನಂಬರನ್ನು ಯಾವತ್ತೋ ಸರಿಯಾಗಿ ಒತ್ತಿದವರು, ಸರಿಯಾದ ರಿಜಿಸ್ಟರಿನಲ್ಲಿ ಬರೆದವರು.

ಇಷ್ಟಕ್ಕೆ ಮುಗಿಯಲಿಲ್ಲ. ಪ್ರಿಂಟೌಟ್ ಜೊತೆ 65ಬಿ ಸರ್ಟಿಫಿಕೇಟ್ ಬೇಕು ಅಂದರು, ಅಂದರೆ ಕಂಪ್ಯೂಟರಿನ ದಾಖಲೆಯನ್ನು ಕೋರ್ಟು ಒಪ್ಪಲು ಕೊಡಬೇಕಾದ ದೃಢೀಕರಣ ಪತ್ರ. ಆಗ 1872ರ ಸಾಕ್ಷ್ಯ ಕಾಯ್ದೆ ಇತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಬಂದಿದೆ, ಈಗ ಫೈಲಿನ ಹ್ಯಾಷ್ ಕೂಡ ಬರೆಯಬೇಕು. ಹ್ಯಾಷ್ ಅಂದರೆ ಫೈಲಿನ ಬೆರಳಚ್ಚು, ಒಂದಕ್ಷರ ಬದಲಾದರೂ ಪೂರ್ತಿ ಬೇರೆಯಾಗುತ್ತದೆ. ಮಹಾರಾಷ್ಟ್ರದ ಜಾಲನಾ ಚುನಾವಣೆಯ ಒಂದು ತಕರಾರಿನಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಈ ಸರ್ಟಿಫಿಕೇಟ್ ಬೇಕೇ ಬೇಕು ಅಂದಿತು. ಅಲ್ಲಿಯೂ ಜಗಳ ಗಡಿಯಾರದ್ದೇ: ನಾಮಪತ್ರ ಮಧ್ಯಾಹ್ನ ಮೂರರ ಒಳಗೆ ಬಂತೋ, ಆಮೇಲೆ ಬಂತೋ ಅಂತ.

ಸರ್ಟಿಫಿಕೇಟಿನ ನಮೂನೆಯಲ್ಲಿ ಒಂದು ಸಾಲು ಇತ್ತು. ಆ ಅವಧಿಯಲ್ಲಿ ಕಂಪ್ಯೂಟರು ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ. ಕೆಳಗೆ ನನ್ನ ಸಹಿ. ಮ್ಯಾನೇಜರು ಅಂದರು, "ಹಾಕಿಬಿಡಿ, ಫಾರ್ಮ್ಯಾಟ್ ಅಷ್ಟೇ." ಪೆನ್ನು ಏಳಲಿಲ್ಲ. ಹಿಂದಿನ ಮಳೆಗಾಲದಲ್ಲಿ 'ಎಲ್ಲ ಪಾಸ್' ಅಂತ ಮೇಲ್ ಹಾಕಿದವನು ನಾನೇ. ಕಾಯ್ದೆ ಓದಿ ನೋಡಿದೆ. ಸರಿಯಿರದಿದ್ದರೆ, ಆ ದೋಷದಿಂದ ದಾಖಲೆ ಕೆಟ್ಟಿಲ್ಲ ಅಂತ ಹೇಳಲು ಕಾಯ್ದೆಯಲ್ಲೇ ಜಾಗ ಇದೆ. ಹಾಗಾಗಿ ಎಲ್ಲ ಬರೆದೆ. ಲೇಬಲ್ ಕಂಪ್ಯೂಟರಿನ ತಾರೀಖು ತಪ್ಪಿತ್ತು, ಬ್ಯಾಟರಿ ಸತ್ತಿತ್ತು, ಸೀರಿಯಲ್ ನಂಬರು ಮೂರು ಸಲ ಬಂದಿದೆ, ಸಮಯ ತೆಗೆದುಕೊಂಡದ್ದು ಬೇರೆ ಯಂತ್ರದಿಂದ. ಅದರ ಗಡಿಯಾರ ನೋಡಿದ ದಿನ ನನ್ನ ಮೊಬೈಲಿಗಿಂತ ನಾಲ್ಕು ನಿಮಿಷ ಹಿಂದಿತ್ತು, ಅದನ್ನೂ ಬರೆದೆ. ಜೊತೆಗೆ ಗುರುವಾರಗಳ ಮೇಂಟೆನೆನ್ಸ್ ರಿಜಿಸ್ಟರಿನ ಪ್ರತಿ, ಶನಿವಾರದ ಇನ್‌ವಾಯ್ಸ್. ಮೂರು ಪುಟ ಆಯಿತು. ಕಂಪನಿ ಮಾನ ಹರಾಜಾಯಿತು ಅಂತ ಮ್ಯಾನೇಜರು ಎರಡು ದಿನ ಮಾತು ಬಿಟ್ಟರು.

ಸಮನ್ಸ್ ಬಂದದ್ದು ಬಹಳ ತಡವಾಗಿ, ರಾಜಗುರುನಗರದ ಕೋರ್ಟಿಗೆ. ಆ ಹೊತ್ತಿಗೆ ಆ ಕಂಪ್ಯೂಟರೇ ಗುಜರಿಗೆ ಹೋಗಿತ್ತು. ಎದುರು ವಕೀಲರು ಬಲು ನಿಧಾನವಾಗಿ ಕೇಳಿದರು, "ನಿಮ್ಮ ಸಿಸ್ಟಮಿನ ತಾರೀಖು ತಪ್ಪಾಗಿತ್ತು, ಹೌದೋ ಅಲ್ಲವೋ?"

"ಹೌದು, ತಪ್ಪಾಗಿತ್ತು. ಎರಡನೇ ಪುಟದಲ್ಲಿ ಬರೆದಿದ್ದೇನೆ."

ಅವರು ಎರಡನೇ ಪುಟ ತೆರೆದು ಸ್ವಲ್ಪ ಹೊತ್ತು ಓದಿದರು. ಮುಂದಿನ ಪ್ರಶ್ನೆ ಲಾರಿಯದ್ದಾಗಿತ್ತು.