ಯಾವ ಹೊರೆಯ ಕೆಳಗೆ?

ಮಣ್ಣು ಪರೀಕ್ಷೆಯ ವರದಿಗಳಲ್ಲಿ ಜೇಡಿಮಣ್ಣಿನ ಎದುರು ನೀರು ಹಾಯುವ ವೇಗವೆಂದು ಒಂದೇ ಒಂದು ಅಂಕಿಯನ್ನು ಬರೆದಿರುವುದನ್ನು ಕಂಡಾಗಲೆಲ್ಲ, ಅದು ಯಾವ ಹೊರೆಯ ಕೆಳಗೆ, ಎಷ್ಟು ನೀರಿನ ಒತ್ತಡದಲ್ಲಿ ಸಿಕ್ಕಿದ್ದು ಎಂದು ಕೇಳಬೇಕೆನಿಸುತ್ತದೆ. ಮರಳಿನ ಮಟ್ಟಿಗೆ ಈ ಪ್ರಶ್ನೆ ಅಷ್ಟು ದೊಡ್ಡದಲ್ಲ. ಜೇಡಿಗೆ ಇದೇ ಮುಖ್ಯ.

ಹೊರೆ ಬಿದ್ದಾಗ ಜೇಡಿಯ ದೊಡ್ಡ ರಂಧ್ರಗಳು ಮೊದಲು ಮುಚ್ಚಿಕೊಳ್ಳುತ್ತವೆ. ನೀರು ಬಹುಪಾಲು ಹಾಯುವುದು ಆ ದಾರಿಗಳಲ್ಲೇ ಆದ್ದರಿಂದ, ಮಣ್ಣು ಸ್ವಲ್ಪವೇ ಕುಗ್ಗಿದರೂ ಹರಿವು ಬಹಳ ಇಳಿಯುತ್ತದೆ. ಹೊರೆ ತೆಗೆದ ಮೇಲೆ ಮಣ್ಣು ಕೊಂಚ ಉಬ್ಬೀತೇ ಹೊರತು ಮೊದಲಿನಂತಾಗುವುದಿಲ್ಲ. ರಂಧ್ರದೊಳಗಿನ ನೀರಿನ ಒತ್ತಡದ್ದು ಇದಕ್ಕೆ ಎದುರು ಕೆಲಸ. ಮಣ್ಣಿನ ಬಲವಿಜ್ಞಾನಕ್ಕೆ ಬುನಾದಿ ಹಾಕಿದ ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ತೋರಿಸಿಕೊಟ್ಟಂತೆ, ಒಟ್ಟು ಹೊರೆಯಲ್ಲಿ ನೀರಿನ ಒತ್ತಡವನ್ನು ಕಳೆದು ಉಳಿದದ್ದನ್ನಷ್ಟೇ ಕಣಗಳ ಹಂದರ ಹೊರುತ್ತದೆ.

ಇದು ನನಗೆ ಮನದಟ್ಟಾದದ್ದು ಪ್ರಯೋಗಾಲಯದಲ್ಲಿ. ಒಳ್ಳೆಯ ಜೇಡಿಯಲ್ಲಿ ನೀರು ಹಾಯುವ ಗುಣಾಂಕ ಸೆಕೆಂಡಿಗೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗದಷ್ಟಿರುತ್ತದೆ, ಅಂದರೆ ವರ್ಷಕ್ಕೆ ಸುಮಾರು 3 ಸೆಂಟಿಮೀಟರ್. ಕಾಯಲಾರದೆ ನಾನು, ರಬ್ಬರ್ ಹೊದಿಕೆಯೊಳಗಿದ್ದ ಮಾದರಿಗೆ ಸುತ್ತಲಿಂದ 150 ಕಿಲೋಪಾಸ್ಕಲ್ ಒತ್ತಡ ಕೊಟ್ಟು, ಕೆಳಗಿನಿಂದ ನೂಕುವ ನೀರಿನ ಒತ್ತಡವನ್ನು 140ಕ್ಕೆ ಏರಿಸಿದೆ. ನೀರು ಒಳಹೋಗುವ ತುದಿಯಲ್ಲಿ ಹಂದರಕ್ಕೆ ಉಳಿದದ್ದು ಬರೀ 10, ಹೊರಬರುವ ತುದಿಯಲ್ಲಿ ಹೆಚ್ಚುಕಡಿಮೆ ಪೂರ್ತಿ 150. ಒಂದೇ ಮಾದರಿಯ ಒಂದು ತುದಿ ಉಬ್ಬುತ್ತಿರಲು ಇನ್ನೊಂದು ತುದಿ ಹಿಂಡಿಹೋಗುತ್ತಿತ್ತು. ಬಂದ ಅಂಕಿ ಎರಡಕ್ಕೂ ಸೇರದ್ದಾಗಿತ್ತು. ಆ ಫಲಿತಾಂಶವನ್ನು ಕೈಬಿಟ್ಟು, ಕಡಿಮೆ ಒತ್ತಡದಲ್ಲಿ ವಾರಗಟ್ಟಲೆ ಕಾದು ಮತ್ತೆ ಮಾಡಿದೆ.

ಕೆರೆಯ ಏರಿಯಲ್ಲಿ ಇದೇ ಲೆಕ್ಕ ಅಪಾಯಕಾರಿಯಾಗಬಲ್ಲದು. ಒದ್ದೆ ಮಣ್ಣಿನ ತೂಕ ನೀರಿನ ಸುಮಾರು ಎರಡರಷ್ಟಿರುವುದರಿಂದ, 10 ಮೀಟರ್ ಆಳದಲ್ಲಿ ಮಣ್ಣಿನ ಹೊರೆ 200 ಕಿಲೋಪಾಸ್ಕಲ್ ಆದರೆ ತುಂಬಿದ ಕೆರೆಯ ಒತ್ತಡ 100. ಭಯಪಡುವಂಥದ್ದೇನೂ ಇಲ್ಲವೆಂದು ತೋರುತ್ತದೆ. ಆದರೆ ಏರಿಯ ನಡುವಿನ ಜೇಡಿಗೋಡೆ ತನ್ನ ಎರಡೂ ಬದಿಯ ಗಟ್ಟಿ ಮಣ್ಣಿಗಿಂತ ಹೆಚ್ಚು ಕುಸಿದಾಗ, ಅದರ ತೂಕದ ಒಂದು ಪಾಲು ಆ ಬದಿಗಳಿಗೆ ಆತುಕೊಂಡು ನಿಲ್ಲುತ್ತದೆ, ಒಳಗಿನ ಹೊರೆ ತಗ್ಗುತ್ತದೆ. ಅಡ್ಡಲಾಗಿ ಬೀಳುವ ಒತ್ತಡವಂತೂ ಸಾಮಾನ್ಯವಾಗಿ ಇನ್ನೂ ಕಡಿಮೆ. ಎಲ್ಲಾದರೂ ಒಂದು ಕಡೆ ನೀರಿನ ಒತ್ತಡ ಅದನ್ನು ಮೀರಿತೆಂದರೆ ಜೇಡಿ ಸೀಳುತ್ತದೆ, ಮತ್ತು ಸೀಳಿನಲ್ಲಿ ಹರಿಯುವ ನೀರಿಗೆ ವರದಿಯ ಅಂಕಿ ಅನ್ವಯಿಸುವುದೇ ಇಲ್ಲ. ಆದ್ದರಿಂದಲೇ ಜೇಡಿಗೋಡೆಯನ್ನು ತುಸು ಹೆಚ್ಚು ತೇವದಲ್ಲಿ, ಬಿರಿಯದೆ ಬಾಗುವಂತೆ ದಮ್ಮಸು ಮಾಡುತ್ತಾರೆ; ಹೊಸ ಏರಿಯ ಹಿಂದೆ ಮೊದಲ ಸಲ ನೀರನ್ನು ನಿಧಾನವಾಗಿ ಏರಗೊಟ್ಟು, ಪ್ರತಿ ಹಂತದಲ್ಲೂ ಹಿಂಬದಿಯಲ್ಲಿ ಜಿನುಗುವ ನೀರನ್ನು ಅಳೆಯುತ್ತಾರೆ.