ಗರಗಸದಿಂದ ಹೆಬ್ಬಾತಿನವರೆಗೆ: ಮನೆಯಲ್ಲೇ ಮಾಡಿದ ಇ-ಪುಸ್ತಕಗಳ ಕೆಲಸ

ಜೂನ್

ಮಗಳು ಗದುಗಿನ ಸರ್ಕಾರಿ ಶಾಲೆಯಲ್ಲಿ ಒಂದನೆಯ ತರಗತಿ ಸೇರಿದ್ದಾಳೆ. ಚಟುವಟಿಕೆಗಳ ಮೂಲಕ ಕಲಿಸುವ ಅಲ್ಲಿನ ನಲಿ-ಕಲಿ ಪದ್ಧತಿಯಲ್ಲಿ ಅ, ಆ, ಇ, ಈ ಎಂದು ಮೊದಲಾಗುವುದಿಲ್ಲ. ರ, ಗ, ಸ, ದ, ಅ ಎಂದು ಮೊದಲಾಗುತ್ತದೆ. ಮನೆಯ ಹಿರಿಯರಿಗೆ ಇದು ವಿಚಿತ್ರ. ಮುದ್ರಣಾಲಯದಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುವ ನನಗೆ ಮಾತ್ರ ಇದರ ಜಾಣತನ ತಕ್ಷಣ ಹಿಡಿಸಿತು. ಕಾಗುಣಿತ, ಒತ್ತು ಏನೂ ಬೇಡ, ಐದೇ ಅಕ್ಷರಗಳಲ್ಲಿ ಅರಸ, ಅಗಸ, ಸರ, ಗರಗಸ ಎಲ್ಲವೂ ಸಿಗುತ್ತವೆ. ಆದರೆ ಈ ಐದೇ ಅಕ್ಷರಗಳಲ್ಲಿ ಬರೆದ ಕಥೆಪುಸ್ತಕ ಅಂಗಡಿಯಲ್ಲಿ ಎಲ್ಲಿ ಸಿಗಬೇಕು?

ಮೂಲೆಯಲ್ಲಿ ಬಿದ್ದಿದ್ದ ಹಳೆಯ ಟ್ಯಾಬ್ಲೆಟ್ ಹೊರಬಂದದ್ದು ಇದೇ ಕಾರಣಕ್ಕೆ. ಅದರಲ್ಲಿದ್ದ ಆಟ, ವಿಡಿಯೊಗಳನ್ನೆಲ್ಲ ಅಳಿಸಿ, ಪುಸ್ತಕ ಓದುವ ಒಂದೇ ಆ್ಯಪ್ ಉಳಿಸಿ, ವೈಫೈ ಮುಚ್ಚಿದೆ. ಟ್ಯಾಬ್ಲೆಟ್ ಎಷ್ಟು ಸಪ್ಪೆಯಾಗಿದ್ದರೆ ಅಷ್ಟು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಮೊದಲ ಪುಸ್ತಕದ ಹೆಸರು ‘ಗರಗಸ’. ಪುಟಕ್ಕೊಂದು ಪದ, ಒಂದು ಚಿತ್ರ. ಅಗಸನ ಕೈಯಲ್ಲಿ ಗರಗಸ ಏಕೆ ಬಂತು ಎಂದು ಯಾರೂ ಕೇಳಬಾರದು, ಅಕ್ಷರಗಳ ಬಡತನ ಹಾಗಿದೆ.

ಆಗಸ್ಟ್

ಶಾಲೆಯಲ್ಲಿ ಜ, ವ, ಮ, ಬ, ನ ಬಂದವು. ಅದೇ ರಾತ್ರಿ ‘ಗರಗಸ’ಕ್ಕೆ ಮರ, ವನ, ಬಸವ ಸೇರಿ ಕಥೆಗೆ ಸ್ವಲ್ಪ ಜೀವ ಬಂತು. ಅರಸನ ವನ, ವನದ ಮರ, ಅಗಸನ ಗರಗಸ. ಅಚ್ಚು ಹಾಕಿದ ಪುಸ್ತಕಕ್ಕೆ ಇದು ಸಾಧ್ಯವಿಲ್ಲ. ದಿನವಿಡೀ ಅಚ್ಚಿನ ಜೊತೆ ಹೆಣಗುವವನಾಗಿ ಹೇಳುತ್ತೇನೆ, ಒಂದು ಅಕ್ಷರ ಬದಲಾದರೂ ಮತ್ತೆ ಪ್ಲೇಟು, ಮತ್ತೆ ಕಾಗದ. ಇ-ಪುಸ್ತಕದಲ್ಲಿ ಚಿತ್ರ ಕುಣಿಯುತ್ತದೆ, ಸದ್ದು ಬರುತ್ತದೆ ಎಂದು ಎಲ್ಲರೂ ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಂಡದ್ದು ಊಟ ಮುಗಿದ ಮೇಲೆ ಪುಸ್ತಕವನ್ನೇ ತಿದ್ದಿ, ಮಲಗುವ ಮುಂಚೆ ಮಗುವಿನ ಕೈಗೆ ಕೊಡಬಹುದು ಎಂಬುದು.

ತಾಂತ್ರಿಕ ಕೆಲಸ ಕಷ್ಟದ್ದಲ್ಲ. ಲಿಬ್ರೆಆಫೀಸ್ ರೈಟರಿನಲ್ಲಿ ಬರೆದು ನೇರವಾಗಿ ಇ-ಪಬ್ ಎಂಬ ಇ-ಪುಸ್ತಕದ ಕಡತವಾಗಿ ಉಳಿಸಬಹುದು. ಪುಟದ ಹೊಂದಾಣಿಕೆ ಹೆಚ್ಚು ಬೇಕಾದರೆ ಉಚಿತವಾಗಿ ಸಿಗುವ ಸಿಜಿಲ್ ತಂತ್ರಾಂಶ ಇದೆ. ತೊಡಕು ಇರುವುದು ಕನ್ನಡ ಅಕ್ಷರಗಳ ಮೈಕಟ್ಟಿನಲ್ಲಿ. ನಮ್ಮ ಒತ್ತುಗಳು ಗೆರೆಯ ಕೆಳಗೆ ಇಳಿಯುತ್ತವೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ, ಈಗ ತಾನೇ ಓದಲು ಕಲಿಯುವ ಮಗುವಿಗೆ ಅದು ಯಾವ ಅಕ್ಷರಕ್ಕೆ ಸೇರಿದ್ದೆಂದೇ ತಿಳಿಯುವುದಿಲ್ಲ. ಅಕ್ಷರದ ಗಾತ್ರದ ಸುಮಾರು ಎರಡು ಪಟ್ಟು ಅಂತರ ಕೊಟ್ಟೆ. ಬಾಲೂ ತಮ್ಮ ಫಾಂಟು ದುಂಡಗೆ ಚೆನ್ನಾಗಿದೆ, ಆದರೆ ಮೈ ದಪ್ಪ. ಅದನ್ನು ಶೀರ್ಷಿಕೆಗೆ ಇಟ್ಟುಕೊಂಡು ಒಳಪುಟಗಳಿಗೆ ನೋಟೋ ಸಾನ್ಸ್ ಕನ್ನಡ ಬಳಸಿದೆ. ಫಾಂಟನ್ನು ಪುಸ್ತಕದ ಒಳಗೇ ಸೇರಿಸುವುದು ಒಳ್ಳೆಯದು, ಇಲ್ಲವಾದರೆ ಟ್ಯಾಬ್ಲೆಟ್ ತನಗೆ ತೋಚಿದ್ದನ್ನು ಹಾಕಿಕೊಳ್ಳುತ್ತದೆ. ಮುದ್ರಣಾಲಯದಲ್ಲಿ ‘ನುಡಿ’ ತಂತ್ರಾಂಶದಿಂದ ಟೈಪು ಮಾಡಿದ್ದ ಹಳೆಯ ಕಡತಗಳಿಂದ ಒಂದೆರಡು ಪದ್ಯ ತೆಗೆದೆ. ಎಲ್ಲ ಸಾಧನಗಳಲ್ಲೂ ನಡೆಯುವ ಯುನಿಕೋಡಿಗೆ ಪರಿವರ್ತಿಸದೆ ಅವು ಬರೀ ರೋಮನ್ ಅಕ್ಷರಗಳ ಕಸವಾಗಿ ಕಾಣುತ್ತವೆ. ಪರಿವರ್ತಿಸಿದ ಮೇಲೂ ಅರ್ಕಾವೊತ್ತು ಸರಿಯಾದ ಜಾಗದಲ್ಲಿ ಕೂತಿದೆಯೇ ಎಂದು ಕರಡು ತಿದ್ದಲೇಬೇಕು.

ಅಕ್ಟೋಬರ್

ಕಾಗುಣಿತ ಹಿಡಿತಕ್ಕೆ ಬಂದಿದೆ, ನನ್ನ ಕಥೆಗಳು ಅವಳಿಗೆ ಸಾಲುತ್ತಿಲ್ಲ. ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಪುಸ್ತಕಗಳು ಧಾರಾಳವಾಗಿವೆ. ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದಾರೆ, ಇಳಿಸಿಕೊಂಡು ಅಂತರ್ಜಾಲವಿಲ್ಲದೆಯೂ ಓದಬಹುದು. ಅಲ್ಲಿನ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಿಂದಾಗಿ, ಮೂಲ ಲೇಖಕರ ಮತ್ತು ಚಿತ್ರಕಾರರ ಹೆಸರು ಹೇಳಿ, ಬದಲಾವಣೆ ಮಾಡಿದ್ದೇವೆಂದು ತಿಳಿಸಿ, ಕಥೆಯನ್ನು ತಿದ್ದಿಕೊಳ್ಳಲೂ ಅವಕಾಶವಿದೆ. ಒಂದು ಪುಸ್ತಕದಲ್ಲಿ ‘ಸೂರ್ಯ’ ಎಂಬಲ್ಲಿ ಅವಳು ಪ್ರತಿ ಸಲವೂ ನಿಲ್ಲುತ್ತಿದ್ದಳು. ‘ಯ’ದ ಬಲಕ್ಕೆ ಬರೆದಿರುವ ರಕಾರವನ್ನು ‘ಯ’ಕ್ಕಿಂತ ಮೊದಲೇ ಉಚ್ಚರಿಸಬೇಕು ಎಂದರೆ ಆರು ವರ್ಷದ ಮಗು ಒಪ್ಪುವುದಾದರೂ ಹೇಗೆ? ಸದ್ಯಕ್ಕೆ ಅಲ್ಲಿ ‘ಬಿಸಿಲು’ ಬಂದಿದೆ. ಅರ್ಕಾವೊತ್ತು ಬಂದ ದಿನ ಸೂರ್ಯ ಮತ್ತೆ ಹುಟ್ಟಿಕೊಳ್ಳುತ್ತಾನೆ.

ತಾನಾಗಿಯೇ ಓದಿ ಹೇಳುವ ಪುಸ್ತಕಗಳನ್ನೂ ನೋಡಿದೆವು. ದನಿಯ ಜೊತೆ ಪದಗಳು ಬಣ್ಣ ಬದಲಿಸುತ್ತವೆ. ಮಗಳ ಕಣ್ಣು ಮಾತ್ರ ಚಿತ್ರ ಬಿಟ್ಟು ಕದಲಲಿಲ್ಲ, ಹಾಗಾಗಿ ಅವಳಿಗೆ ದನಿ ಬಂದ್. ಮುಟ್ಟಿದರೆ ಕಪ್ಪೆ ಹಾರುವ ಪುಸ್ತಕಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. 2015ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಸಮೀಕ್ಷೆಯೂ ಇದನ್ನೇ ಹೇಳುತ್ತದೆ: ಕಥೆಗೆ ಹೊಂದುವ ಚಲನೆ, ಸದ್ದು ಮಕ್ಕಳ ಗ್ರಹಿಕೆಗೆ ನೆರವಾಗುತ್ತವೆ, ನಡುವೆ ತೂರಿಸಿದ ಆಟಗಳು ಅಡ್ಡಿಯಾಗುತ್ತವೆ. ನಾಲ್ಕು ವರ್ಷದ ಮಗ ಅಕ್ಕನ ಪಕ್ಕದಲ್ಲಿ ಕೂತು ಕೇಳುತ್ತಾನೆ, ಅಷ್ಟೇ. ಎರಡರಿಂದ ಐದು ವರ್ಷದವರಿಗೆ ಎಲ್ಲ ಪರದೆಗಳೂ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳಿದೆ. ಅದರಲ್ಲಿ ಬಹುಪಾಲನ್ನು ಅವನು ಟಿ.ವಿ.ಯಲ್ಲೇ ಮುಗಿಸಿರುತ್ತಾನೆ.

ಎಣಿಸದೇ ಬಂದ ಲಾಭ ನನ್ನ ತಾಯಿಯದು. ಕನ್ನಡಕ ಹಾಕಿದರೂ ಅವರಿಗೆ ಪತ್ರಿಕೆಯ ಅಕ್ಷರ ಕಾಣುವುದಿಲ್ಲ. ಟ್ಯಾಬ್ಲೆಟ್‌ನಲ್ಲಿ ಅಕ್ಷರ ಹಿಗ್ಗಿಸಿಕೊಂಡು ಮೊಮ್ಮಗಳ ಜೊತೆ ಸಾಲಿಗೊಬ್ಬರಂತೆ ಓದುತ್ತಾರೆ. ಹಿಗ್ಗಿಸಿದಾಗ ಉದ್ದದ ಪದಗಳು ಅಂಚಿನಲ್ಲಿ ತುಂಡಾಗುತ್ತವೆ. ಅದಕ್ಕೇ ‘ಹೋಗುತ್ತಿದ್ದಾಳೆ’ ಎಂಬಂಥ ಪದಕ್ಕೆ ಈಗ ಒಂದು ಸಾಲನ್ನೇ ಬಿಟ್ಟುಕೊಡುತ್ತೇನೆ.

ಡಿಸೆಂಬರ್

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿಬಂದೆವು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ, ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮೊಬೈಲ್‌ನಲ್ಲಿ ತೆಗೆದ ಫೋಟೊಗಳು ಮಂಕಾಗಿದ್ದರೂ ಹೆಬ್ಬಾತುಗಳ ಹೊಸ ಪುಸ್ತಕಕ್ಕೆ ಸಾಕಾದವು. ಓದುತ್ತ ಮೂರನೆಯ ಪುಟಕ್ಕೆ ಬಂದ ಮಗಳು, “ಅಪ್ಪಾ, ಇವು ಊಟ ಎಲ್ಲಿ ಮಾಡುತ್ತವೆ?” ಎಂದಳು. ಪುಸ್ತಕದಲ್ಲಿ ಅದು ಇರಲಿಲ್ಲ. ಹಗಲು ನೀರಿನಲ್ಲಿದ್ದು, ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ ಎಂದೆ. ಅವಳೇ ಹೇಳಿದಳು, ನಾನು ಟೈಪು ಮಾಡಿದೆ: “ಹಗಲು ಕೆರೆ. ರಾತ್ರಿ ಹೊಲ. ರೈತನಿಗೆ ಸಿಟ್ಟು.” ಉಳಿದ ಪುಟಗಳಿಗಿಂತ ಇದನ್ನೇ ಹೆಚ್ಚು ಸಲ ಓದಿದ್ದಾಳೆ, ಬಂದವರಿಗೆಲ್ಲ ಓದಿ ಹೇಳಿದ್ದಾಳೆ.

ಮುಂದೆ ನನ್ನ ತಾಯಿಯ ದನಿಯಲ್ಲಿ ಇದೇ ಪುಸ್ತಕವನ್ನು ಮಗನಿಗಾಗಿ ಧ್ವನಿಮುದ್ರಿಸುವ ಯೋಚನೆ ಇದೆ. ಧ್ವನಿ ಸೇರಿಸಿದರೆ ಕಡತ ಹಿಗ್ಗಿ ಹಳೆಯ ಟ್ಯಾಬ್ಲೆಟ್ ಏದುಸಿರು ಬಿಡುತ್ತದೆ. ಪುಟಕ್ಕೊಂದು ಚಿಕ್ಕ ಕಡತವಾಗಿ ಕತ್ತರಿಸಿ ನೋಡಬೇಕು.